ಹೆಬ್ಬೆರಳಿನ ಜಾಗ

"ಹ್ಯಾಂಡಲ್ ಹಿಡೀರಿ," ಎಂದಳು ಪತ್ತೇದಾರಮ್ಮ.

ಅಳಿಯ ನಕ್ಕ. ತುಟಿ ನಕ್ಕಿತು, ಕಣ್ಣು ನಗಲಿಲ್ಲ. "ನಾನೇನು ಮೆಕ್ಯಾನಿಕ್ಕಾ? ಕೈಗೆಲ್ಲ ಗ್ರೀಸಾಗತ್ತೆ."

"ತೊಳ್ಕೋಬಹುದು. ಹಿಡೀರಿ."

ಶೆಡ್ಡಿನ ತಗಡಿನ ಮಾಡು ಮಧ್ಯಾಹ್ನದ ಬಿಸಿಲಿಗೆ ಕಾದು ಚಟಚಟ ಎನ್ನುತ್ತಿತ್ತು. ಹಿಂದಿನ ಗೋಡೆಯಲ್ಲಿ, ಮನುಷ್ಯನ ಸೊಂಟದೆತ್ತರಕ್ಕೆ, ಇಟ್ಟಿಗೆ ಒಡೆದು ಕೆಂಪು ಪುಡಿ ಉದುರಿದ ಗುರುತು. ಅದರ ಕೆಳಗೆ ಇನ್ನೊಂದು ಬಗೆಯ ಕೆಂಪು ಒಣಗಿ ಕಪ್ಪಾಗಿತ್ತು. ಹೋದ ವಾರ ಆ ಗೋಡೆಗೂ ಹಳೆಯ ಕಾರಿನ ಮೂತಿಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾದವರು ಈ ಶೆಡ್ಡಿನ, ಪಕ್ಕದ ಶೋರೂಮಿನ ಯಜಮಾನರು, ಈ ಅಳಿಯನ ಮಾವ. ಅವರನ್ನು ಕೊಂದನೆಂದು ಕೈಕೋಳ ತೊಟ್ಟು ಮೂಲೆಯ ಟೈರಿನ ಮೇಲೆ ಕೂತಿದ್ದವನು ಅವರ ಡ್ರೈವರ್. ಆ ಡ್ರೈವರು ಪತ್ತೇದಾರಮ್ಮನ ಸ್ವಂತ ಚಿಕ್ಕಪ್ಪ.

ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಕಣ್ಣು ಮುಚ್ಚಿದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ತನ್ನ ಮನೆಗೆ ಕರೆತಂದವನು ಅವನು. ಅವಳಿಗಾಗಿ ಮದುವೆಯನ್ನೂ ಬಿಟ್ಟವನು. ಲಾಕಪ್ಪಿನಲ್ಲಿ ಬಿದ್ದ ಏಟಿಗೆ ಅವನ ಒಂದು ಕಣ್ಣು ಬದನೆಕಾಯಿಯಂತೆ ಊದಿಕೊಂಡಿತ್ತು. ಇವತ್ತು ಸಂಜೆ ಚಾರ್ಜ್‌ಶೀಟು ಕೋರ್ಟಿಗೆ ಹೋದರೆ ಅವನ ಕತ್ತಿಗೆ ಹಗ್ಗ. ಅದಕ್ಕೆ ಮೊದಲು ನಿಜವಾದ ಕೊಲೆಗಾರನನ್ನು ಹಿಡಿದುಕೊಡಬೇಕು. ಇಲ್ಲದಿದ್ದರೆ ಇವಳ ಪತ್ತೇದಾರಿಕೆಯನ್ನು ತೆಗೆದುಕೊಂಡು ಯಾರು ಉಪ್ಪಿನಕಾಯಿ ಹಾಕಬೇಕು?

"ಅಮ್ಮಾ, ಬೇಗ," ಎಂದರು ಇನ್‌ಸ್ಪೆಕ್ಟರ್. ಅವರದು ದೊಡ್ಡ ಹೊಟ್ಟೆ, ಸಣ್ಣ ತಾಳ್ಮೆ. "ಯಜಮಾನರ ಮಗಳನ್ನ ಕರ್ಕೊಂಡು ಬರೋಕೆ ಜೀಪ್ ಕಳಿಸಿದ್ದೀನಿ. ಅದು ಬಂದ ತಕ್ಷಣ ನಾನು ಹೊರಟೆ. ಸೊಸೆ ಹೇಳಿದ ಸಾಕ್ಷಿ ಮುಂದೆ ನಿಮ್ಮ ಹ್ಯಾಂಡಲ್ ಏನು ಮಾಡತ್ತೆ?"

ಸೊಸೆ ಎಂದರೆ ಮನೆಯ ಸೊಸೆಯಲ್ಲ. ಶೆಡ್ಡಿನಲ್ಲಿ ಎರಡು ಕಾರು, ಮಾತು ಬಿಟ್ಟ ಹೆಂಗಸರ ಹಾಗೆ, ಒಂದಕ್ಕೊಂದು ಬೆನ್ನು ಹಾಕಿ ನಿಂತಿದ್ದವು. ಗೋಡೆಯ ಕಡೆ ಮುಖ ಮಾಡಿದ ಹಳೆಯದಕ್ಕೆ ಕೆಲಸದವರು ಇಟ್ಟ ಹೆಸರು ಅಜ್ಜಿ. ಬಾಗಿಲ ಕಡೆ ಮುಖ ಮಾಡಿದ ಹೊಸದು ಹೊಸ ಸೊಸೆ.

ಸೊಸೆ ಬೆಳ್ಳಗೆ, ನುಣ್ಣಗೆ, ಸೋಪಿನ ತುಂಡಿನಂತಿದ್ದಳು. ಅವಳಿಗೆ ಕೀಲಿ ಬೇಡ, ಒಡೆಯನ ಜೇಬಿನಲ್ಲಿ ಫೋನಿದ್ದರೆ ಬಾಗಿಲು ತಾನೇ ತೆರೆಯುತ್ತದೆ. ಹೊರಟರೆ ಸದ್ದಿಲ್ಲ. ಯಾರು ಬಂದರು, ಯಾರು ಹೋದರು ಎಂಬುದನ್ನೆಲ್ಲ ಕ್ಯಾಮೆರಾದಲ್ಲಿ ನೋಡಿ ನೆನಪಿಟ್ಟುಕೊಂಡು ಕೇಳಿದವರಿಗೆ ಚಾಡಿ ಹೇಳುವ ಗುಣ ಬೇರೆ. ಅಜ್ಜಿ ಕಪ್ಪಗೆ, ಎತ್ತರಕ್ಕೆ, ಎದೆಯುಬ್ಬಿಸಿ ನಿಂತವಳು. ಹೊರಟರೆ ಬೀದಿಗೆಲ್ಲ ಗೊತ್ತಾಗಬೇಕು. ಬೀಗವಿಲ್ಲ, ಬೆಲ್ಟಿಲ್ಲ, ನೆನಪೆಂಬುದು ಮೊದಲೇ ಇಲ್ಲ. ಹತ್ತಿ ಕೂತವರು ಯಾರೇ ಆಗಲಿ, ಅವರು ಹೇಳಿದ್ದನ್ನು ಕೇಳುತ್ತಾಳೆ. ಒಳ್ಳೆಯದನ್ನೂ, ಕೆಟ್ಟದ್ದನ್ನೂ.

ಚಿಕ್ಕಪ್ಪನನ್ನು ಸಿಕ್ಕಿಸಿದ್ದು ಸೊಸೆಯ ಚಾಡಿ. ಆವತ್ತು ಶೆಡ್ಡಿನ ಬಾಗಿಲಿನಿಂದ ಒಳಗೆ ಬಂದವನು ಅವನೊಬ್ಬನೇ ಎಂದು ಬಾಗಿಲ ಕಡೆ ನೋಡುವ ಅವಳ ಕ್ಯಾಮೆರಾ ಹೇಳಿತ್ತು. ತಾನು ಬಂದಾಗ ಯಜಮಾನರು ಸತ್ತಾಗಿತ್ತು ಎಂದು ಚಿಕ್ಕಪ್ಪ ಬಡಕೊಂಡರೂ ಕೇಳುವವರಿರಲಿಲ್ಲ.

"ಸಾಕ್ಷಿಗೆ ಆಮೇಲೆ ಬರ್ತೀನಿ," ಎಂದಳು ಪತ್ತೇದಾರಮ್ಮ. "ಮೊದಲು ಹೆಬ್ಬೆರಳು."

ಪೋಸ್ಟ್‌ಮಾರ್ಟಮಿನಲ್ಲಿ ಎರಡು ವಿಷಯ ಸಿಕ್ಕಿದ್ದವು. ಒಂದು, ಕಾರು ಗುದ್ದುವುದಕ್ಕೆ ಮೊದಲೇ ಯಜಮಾನರ ತಲೆಯ ಹಿಂಭಾಗಕ್ಕೆ ಏಟು ಬಿದ್ದಿತ್ತು. ಎರಡು, ಹ್ಯಾಂಡಲ್ ಹಿಡಿದೇ ಸತ್ತಿದ್ದ ಅವರ ಬಲಗೈಯ ಹೆಬ್ಬೆರಳು ಬುಡದಲ್ಲಿ ಮುರಿದಿತ್ತು. ಏಟಿಗೆ ಎಲ್ಲರೂ ತಲೆ ಕೆಡಿಸಿಕೊಂಡರು, ಬೆರಳನ್ನು ಯಾರೂ ಮೂಸಿ ನೋಡಲಿಲ್ಲ. ಅವಳಿಗೆ ಮಾತ್ರ ರಾತ್ರಿಯೆಲ್ಲ ಆ ಬೆರಳೇ ಕಣ್ಣ ಮುಂದೆ.

ಹ್ಯಾಂಡಲನ್ನು ಅಂಗೈಯಲ್ಲಿಟ್ಟು ಎತ್ತಿ ತೋರಿಸಿದಳು. ಎರಡು ಕಡೆ ಬಗ್ಗಿಸಿದ ಕಬ್ಬಿಣದ ಸಲಾಕೆ, ಮೊಣಕೈಯುದ್ದ, ಹಿಡಿಯುವ ಜಾಗ ಸವೆದು ಬೆಳ್ಳಗಾಗಿತ್ತು.

"ಇದನ್ನ ಮೂತಿಯ ತೂತಿಗೆ ಹಾಕಿ ತಿರುಗಿಸಿದ್ರೆ ಎಂಜಿನ್ ಏಳತ್ತೆ. ಏಳೋವಾಗ ಒಮ್ಮೊಮ್ಮೆ ಹಿಂದಕ್ಕೆ ಒದೆಯತ್ತೆ. ಮುಷ್ಟಿ ಕಟ್ಟಿ ಹಿಡಿದಿದ್ರೆ ಹೆಬ್ಬೆರಳು ಕಡ್ಡಿ ಮುರಿದ ಹಾಗೆ ಮುರಿಯತ್ತೆ. ಅದಕ್ಕೇ ಗೊತ್ತಿದ್ದವರು ಹೆಬ್ಬೆರಳನ್ನ ಸುತ್ತಲ್ಲ. ಉಳಿದ ಬೆರಳ ಪಕ್ಕದಲ್ಲೇ, ಹೀಗೆ, ಮೇಲೆ ಇಡ್ತಾರೆ."

ಅದನ್ನು ಅವಳಿಗೆ ಹೇಳಿಕೊಟ್ಟವರು ಸತ್ತವರೇ. ಚಿಕ್ಕವಳಿದ್ದಾಗ ರಜೆಯ ಬೆಳಿಗ್ಗೆ ಅಜ್ಜಿಯ ಮಡ್‌ಗಾರ್ಡಿನ ಮೇಲೆ ಹತ್ತಿ ಕೂರುತ್ತಿದ್ದಳು. ಚಿಕ್ಕಪ್ಪ ಸೀಟಿನಲ್ಲಿ ಕೂತು, ಎಂಜಿನ್ನಿನ ಕಿಡಿಯನ್ನು ಹಿಂದೆ ಮುಂದೆ ಮಾಡುವ ಸ್ಪಾರ್ಕಿನ ಲಿವರ್ ಆಡಿಸುವನು, ಸೆಲ್ಫ್ ಗುಂಡಿಯಿದ್ದರೂ ಬ್ಯಾಟರಿಯನ್ನು ನಂಬದ ಯಜಮಾನರು ಮುಂದೆ ಬಗ್ಗಿ ಹ್ಯಾಂಡಲ್ ಹೊಡೆಯುವರು. "ಹೆಬ್ಬೆರಳಿನ ಜಾಗ ಮರೆತವನಿಗೆ ಅನ್ನ ಕಲಸೋಕೂ ಕೈ ಇರಲ್ಲ, ಪುಟ್ಟಿ," ಎಂದು ಅವರು ಬೆರಳು ಎತ್ತಿ ತೋರಿಸಿ ನಗಿಸುತ್ತಿದ್ದರು. ಅಂಥ ಮನುಷ್ಯ ಮುಷ್ಟಿ ಕಟ್ಟಿ ಹ್ಯಾಂಡಲ್ ಹಿಡಿಯುತ್ತಾರೆಯೇ?

"ಅವರು ಹಿಡಿದಿರಲಿಲ್ಲ," ಎಂದಳು. "ಹಿಡಿಸಿದ್ದು. ತಲೆಗೆ ಏಟು ಬಿದ್ದು ಎಚ್ಚರ ತಪ್ಪಿದವರನ್ನ ಮೂತಿ ಮುಂದೆ ತಂದು ಹಾಕಿ, ಕೈಗೆ ಹ್ಯಾಂಡಲ್ ಕೊಟ್ಟು, ಬೆರಳೆಲ್ಲ ಮಡಚಿದ್ದಾನೆ. ಆಮೇಲೆ ಹತ್ತಿ ಕೂತು, ಗೇರಿಗೆ ಹಾಕಿ, ಕಾಲ ಹತ್ತಿರದ ಸೆಲ್ಫ್ ಗುಂಡಿ ಒತ್ತಿದ್ದಾನೆ. ಎಂಜಿನ್ ಹಿಂದಕ್ಕೆ ಒದ್ದು ಬೆರಳು ಮುರಿದಿದೆ, ಕಾರು ಮುಂದಕ್ಕೆ ನುಗ್ಗಿ ಪ್ರಾಣ ತೆಗೆದಿದೆ. ನೋಡಿದವರು ಏನಂದ್ಕೋಬೇಕು? ಮುದುಕರು ಗೇರಲ್ಲಿದ್ದ ಕಾರಿಗೆ ಹ್ಯಾಂಡಲ್ ಹೊಡೆದು ಸತ್ತರು ಅಂತ."

ಇನ್‌ಸ್ಪೆಕ್ಟರ್ ಗಲ್ಲ ಕೆರೆದುಕೊಂಡರು. "ಹ್ಯಾಂಡಲ್ ಹಿಡಿಯೋಕೆ ಬರದೇ ಇರೋನು ಕೊಲೆಗಾರ ಅಂತೀರಾ?"

"ಹೌದು. ನಮ್ಮ ಚಿಕ್ಕಪ್ಪ ಈ ಗಾಡಿ ಜೊತೆ ಮೂವತ್ತು ವರ್ಷ ಬಾಳಿದ್ದಾನೆ."

"ಮತ್ತೆ ಸ್ಪಾರ್ಕಿನ ಲಿವರ್? ಅದನ್ನ ಕೆಳಗೆ ಎಳೆದು, ಸರಿಯಾಗಿ ಒದೆಯೋ ಹಾಗೆ ಇಟ್ಟಿದ್ದ ಅಂತ ನೀವೇ ಹೇಳಿದ್ರಿ. ಅಷ್ಟು ತಿಳಿದವನಿಗೆ ಹ್ಯಾಂಡಲ್ ಹಿಡಿಯೋಕೆ ಬರಲ್ವಾ?"

ಅದು ಅವಳಿಗೂ ಚುಚ್ಚುತ್ತಿದ್ದ ಮುಳ್ಳೇ. "ಪಕ್ಕದಲ್ಲಿ ಕೂತು ನೋಡಿದ್ರೂ ಲಿವರ್ ಕಲೀಬಹುದು," ಎಂದು ತಳ್ಳಿಹಾಕಿದಳು. ಮೂಲೆಯಲ್ಲಿ ಆ ಊದಿದ ಕಣ್ಣು ಇವಳನ್ನೇ ನೋಡುತ್ತಿರುವಾಗ ಬೇರೆ ಏನು ಹೇಳುವುದಕ್ಕೂ ಅವಳಿಗೆ ನಾಲಗೆ ಬರಲಿಲ್ಲ.

ಹ್ಯಾಂಡಲನ್ನು ಅಳಿಯನ ಮುಂದೆ ಚಾಚಿದಳು.

ಅಳಿಯ ಅತ್ತ ಇತ್ತ ನೋಡಿ ಅದನ್ನು ಹಿಡಿದ. ಐದೂ ಬೆರಳು ಮಡಚಿ, ಹೆಬ್ಬೆರಳನ್ನು ಸುತ್ತ ಬಿಗಿದು. ಸುತ್ತಿಗೆ ಹಿಡಿಯುವ ಹಾಗೆ.

ತನ್ನ ಕೈಯನ್ನು ಎಲ್ಲರೂ ನೋಡುತ್ತಿರುವುದು ಅವನಿಗೆ ತಡವಾಗಿ ತಿಳಿಯಿತು.

"ಇದೇನು ದೊಡ್ಡ ವಿಷಯ? ನಾನು ಹೊಸ ಕಾರು ಮಾರೋನು. ಹೀಗೆ ಹಿಡಿಯೋರು ಊರಲ್ಲಿ ಸಾವಿರ ಜನ ಇದ್ದಾರೆ."

"ಸಾವಿರ ಜನದ ಫೋನಿನ ಮಾತು ಸೊಸೆ ಕೇಳಲ್ಲ," ಎಂದಳು. "ಕ್ಯಾಮೆರಾದಲ್ಲಿ ಚಿಕ್ಕಪ್ಪ ಬರೋದಕ್ಕೆ ಮೊದಲಿನ ಭಾಗ ಅಳಿಸಿಹೋಗಿದೆ. ಕಂಪನಿಯವರನ್ನ ವಿಚಾರಿಸಿದೆ. ಅಳಿಸಿದ್ದು ನಿಮ್ಮ ಫೋನಿಂದ. ಆವತ್ತು ನಿಮಗೂ ನಿಮ್ಮ ಮಾವನಿಗೂ ಏನು ಜಗಳ? ಅಜ್ಜಿ ಎಂಜಿನ್ ಕಿತ್ತು, ಸೊಸೆ ಹಾಗೆ ಬ್ಯಾಟರಿಯಲ್ಲೇ ಓಡೋ ಗಾಡಿ ಮಾಡೋದಕ್ಕಾ?"

"ಅದಕ್ಕೆ ಜಗಳ ಯಾಕೆ? ಅದು ಮಾವನೇ ಮಾಡಿದ ತೀರ್ಮಾನ!" ಅಳಿಯನ ದನಿ ಏರಿತು. "ಅವರ ಭುಜ ಹೋಗಿತ್ತು, ಹ್ಯಾಂಡಲ್ ಹೊಡೆಯೋಕಾಗ್ತಿರಲಿಲ್ಲ. ಗೇರಿಲ್ಲ, ಲಿವರಿಲ್ಲ, ಸುಮ್ಮನೆ ಹೋಗೋ ಹಾಗೆ ಮಾಡಿಸ್ತೀನಿ, ಮಗಳೇ ಓಡಿಸ್ತಾಳೆ, ಡ್ರೈವರೂ ಬೇಡ ಅಂದಿದ್ರು."

ಮೂಲೆಯಲ್ಲಿ ಕೈಕೋಳ ಸಣ್ಣಗೆ ಸದ್ದು ಮಾಡಿತು. ಚಿಕ್ಕಪ್ಪ ಕೂತಲ್ಲೇ ಮಗ್ಗುಲು ಬದಲಿಸಿದ್ದ.

"ಹಾಗಾದ್ರೆ ನಿಮ್ಮ ಹೆಂಡತಿ ಮುಖದ ಮೇಲೆ ನಾನು ಕಂಡ ಗಾಯಕ್ಕೆ ಜಗಳ," ಎಂದಳು ಅವಳು. "ಹೆಂಡತಿಗೆ ಕೈ ಮಾಡೋ ಗಂಡನ್ನ ಯಜಮಾನರು ಮನೆಯಿಂದ ಆಚೆ ಹಾಕ್ತೀನಿ ಅಂದ್ರು. ಅಲ್ವಾ?"

ಅಳಿಯನ ಮುಖ ಕಳೆಗೆಟ್ಟಿತು. ಅದನ್ನು ಕಂಡದ್ದೇ ಇನ್‌ಸ್ಪೆಕ್ಟರ ಸಂಶಯವೂ ಅವನ ಕಡೆ ತಿರುಗಿತು. ಇದ್ದದ್ದು ಒಂದೇ ಜೊತೆ ಕೋಳ. ಚಿಕ್ಕಪ್ಪನ ಕೈಯಿಂದ ಅದನ್ನು ಬಿಚ್ಚಲು ಅವರು ಮೂಲೆಗೆ ಹೋಗಿ ಬಗ್ಗಿದರು. ಅಷ್ಟು ಹೊತ್ತು ಸಾಕಾಯಿತು.

ಅಳಿಯ ಹ್ಯಾಂಡಲ್ ಸಮೇತ ಓಡಿ ಸೊಸೆಯೊಳಗೆ ನುಗ್ಗಿದ. ಪತ್ತೇದಾರಮ್ಮ ಅರೆ ತೆರೆದಿದ್ದ ಶಟರಿನ ಮುಂದೆ ಅಡ್ಡ ನಿಂತಳು. ಧೈರ್ಯಕ್ಕಲ್ಲ, ಚಿಕ್ಕಪ್ಪನ ಜೀವ ಕಾರು ಹತ್ತಿ ಹೋಗುತ್ತಿದೆ ಎಂಬ ಹೆದರಿಕೆಗೆ. ಎಂಜಿನ್ನಿನ ಸದ್ದು ಕೇಳುತ್ತದೆಂದು ಅವಳ ಕಿವಿ ಕಾದಿತ್ತು. ಸದ್ದೇ ಬರಲಿಲ್ಲ. ಬಿಳಿಯ ಮೂತಿ ಬೆಕ್ಕಿನಂತೆ ಅವಳ ಮೇಲೆ ಹಾರಿತು.

ಒಂದು ಗೇಣು ದೂರದಲ್ಲಿ ಸೊಸೆ ತಾನೇ ಬ್ರೇಕು ಹಾಕಿಕೊಂಡಳು. ಕಾರಿನೊಳಗೆ ಎಚ್ಚರಿಕೆಯ ಗಂಟೆ ಕೀಕೀ ಎಂದಿತು. ಅಳಿಯ ಕಾಲನ್ನು ಮತ್ತೆ ಮತ್ತೆ ಒತ್ತಿದ, ಹಲ್ಲು ಕಚ್ಚಿ ಬೈದ. ಎದುರಿಗೆ ಮನುಷ್ಯರಿದ್ದಾರೆ, ಹೋಗಲಾರೆ ಎಂದು ಕಾರು ಹಟ ಹಿಡಿದು ನಿಂತಿತ್ತು. ಹೊಸ ಕಾರಿಗೆ ಕೊಲ್ಲಲು ಮನಸ್ಸಿರಲಿಲ್ಲ.

ಆದರೆ ಅಳಿಯನಿಗಿತ್ತು. ಬಾಗಿಲು ಒದ್ದು ಹೊರಬಂದು ಹ್ಯಾಂಡಲ್ ಬೀಸಿದ. ಅಡ್ಡ ಬಂದ ಇನ್‌ಸ್ಪೆಕ್ಟರ ಮಂಡಿಗೆ ಮೊದಲ ಏಟು. ಮಂಡಿಚಿಪ್ಪು ಒಡೆದ ಸದ್ದು ತೆಂಗಿನಕಾಯಿ ಒಡೆದ ಹಾಗೆ ಕೇಳಿತು, ಅಷ್ಟು ದೊಡ್ಡ ದೇಹ ಅಮ್ಮಾ ಎಂದು ನೆಲಕ್ಕುರುಳಿತು. ಎರಡನೆಯ ಏಟು ಅವಳ ಎಡ ಹೆಗಲಿಗೆ. ಮೂಳೆ ಒಳಗೇ ಮುರಿದು ಚರ್ಮಕ್ಕೆ ಚುಚ್ಚಿದ್ದು ಅವಳಿಗೆ ಗೊತ್ತಾಯಿತು, ಕಣ್ಣು ಕತ್ತಲೆ ಕಟ್ಟಿತು. ಬೀಳುತ್ತಲೇ ಅವನ ಅಂಗಿ ಹಿಡಿದೆಳೆದಳು. ಜೇಬಿನಿಂದ ಫೋನು ಹಾರಿ ಸಿಮೆಂಟಿಗೆ ಬಿದ್ದು, ಅವರಿಬ್ಬರ ಕಾಲಡಿಯಲ್ಲಿ ನುಚ್ಚುನೂರಾಯಿತು.

ಅವನು ಹ್ಯಾಂಡಲನ್ನು ಅವಳ ಕತ್ತಿನ ಮೇಲೆ ಅಡ್ಡವಿಟ್ಟು ಒತ್ತಿದ. ಉಸಿರು ನಿಂತಿತು. ಅವಳ ಬಲಗೈ ತಡಕಾಡಿತು. ಸಿಕ್ಕಿದ್ದು ಹ್ಯಾಂಡಲ್ ಸುತ್ತ ಬಿಗಿದಿದ್ದ ಅವನ ಹೆಬ್ಬೆರಳು. ಇದ್ದ ಬದ್ದ ಶಕ್ತಿಯನ್ನೆಲ್ಲ ಹಾಕಿ ಅದನ್ನು ಹಿಂದಕ್ಕೆ ಮಡಚಿದಳು. ಅದು ಲಟಕ್ಕೆಂದಿತು.

ಅಳಿಯ ಅರಚಿದ. ಹ್ಯಾಂಡಲ್ ಕೈಜಾರಿ ದೂರ ಉರುಳಿತು. ಮುರಿದ ಬೆರಳನ್ನು ಎದೆಗವಚಿಕೊಂಡು ಮಂಡಿಯೂರಿ, ಮೂಗಿನಲ್ಲಿ ಸುರಿಯುವುದನ್ನೂ ಒರೆಸಿಕೊಳ್ಳದೆ ಅಳತೊಡಗಿದ.

"ಹೊಡೆದೆ, ಹೌದು! ಹಿಂದಿನಿಂದ ಒಂದೇ ಒಂದು ಏಟು. ಬಿದ್ದರು. ಆದ್ರೆ ನಾನು ಹೋಗೋವಾಗ ಉಸಿರಾಡ್ತಿದ್ರು. ಗೋಡೆ ಹತ್ತಿರ ಅಲ್ಲ, ಅಜ್ಜಿ ಹಿಂದೆ ಬಿದ್ದಿದ್ರು. ಕಾರ್ ಮುಟ್ಟಿಲ್ಲ ನಾನು, ನನಗೆ ಆ ಕಾರ್ ಓಡಿಸೋಕೇ..."

ಅವನ ಹಿಂದೆ ಚಿಕ್ಕಪ್ಪ ನಿಂತಿದ್ದ. ಕೋಳ ಕಳಚಿದ್ದ ಕೈಯಲ್ಲಿ ಕಾರೆತ್ತುವ ಜಾಕ್. ಎರಡೂ ಕೈಯಲ್ಲಿ ಎತ್ತಿ ಅಳಿಯನ ತಲೆಯ ಮೇಲೆ ಹಾಕಿದ. ಇನ್ನೊಮ್ಮೆ ಎತ್ತಿದ.

"ಚಿಕ್ಕಪ್ಪಾ! ಸಾಕು!"

ಜಾಕ್ ಅವನ ಕೈಯಲ್ಲೇ ನಿಂತಿತು. ಅಳಿಯ ಮುಖ ಅಡಿಯಾಗಿ ಬಿದ್ದಿದ್ದ, ಕಿವಿಯಿಂದ ರಕ್ತ ಹರಿದು ಸಿಮೆಂಟಿನ ಬಿರುಕಿನೊಳಗೆ ಇಳಿಯುತ್ತಿತ್ತು.

"ನಿನ್ನ ಕತ್ತು ಒತ್ತಿದ ಅವನು," ಎಂದ ಚಿಕ್ಕಪ್ಪ. "ನನ್ನ ಮಗಳ ಕತ್ತು."

ಅವಳಿಗೆ ಅಳು ಬಂತು. ಜಾಕಿನ ಏಟು ಬಿದ್ದದ್ದು ಅಳಿಯನ ಕೈಯಿಂದ ಹ್ಯಾಂಡಲ್ ಜಾರಿದ ಮೇಲೆ ಎಂಬುದು ಅವಳ ತಲೆಗೆ ಹೋಯಿತು, ಅಲ್ಲಿ ನಿಲ್ಲಲಿಲ್ಲ. ಪ್ರೀತಿಯ ಮುಂದೆ ಪತ್ತೇದಾರಿಕೆಗೆ ಎಷ್ಟು ಜಾಗ?

ಅಳಿಯ ಇನ್ನೂ ಉಸಿರಾಡುತ್ತಿದ್ದ. ಇನ್‌ಸ್ಪೆಕ್ಟರ್ ನೆಲದಲ್ಲೇ ಒರಗಿ ಆಂಬುಲೆನ್ಸಿಗೆ ಫೋನು ಮಾಡಿದರು. ಊರಾಚೆಯಿಂದ ಬರಬೇಕಂತೆ, ಜೀಪೂ ಇನ್ನೂ ದೂರದಲ್ಲಿದೆಯಂತೆ. "ಬರೋ ಹೊತ್ತಿಗೆ ಇವನು ಹೆಣ," ಎಂದು ನರಳಿದರು. "ಇವನು ಸಾಯಬಾರದು. ತಪ್ಪೊಪ್ಪಿಗೆ ಬೇಕು ನನಗೆ."

ಸೊಸೆಯ ಬಾಗಿಲು ತೆರೆದೇ ಇತ್ತು. ಪರದೆಯ ಮೇಲೆ ಒಂದೇ ಸಾಲು ಮಿನುಗುತ್ತಿತ್ತು: ಕೀಲಿ ಕಾಣುತ್ತಿಲ್ಲ. ಫೋನು ಚೂರಾದ ಮೇಲೆ ಆ ನುಣುಪು ಸುಂದರಿ ಕದಲಲು ಒಪ್ಪಲಿಲ್ಲ.

"ಅಜ್ಜಿ ಇದ್ದಾಳಲ್ಲ," ಎಂದ ಚಿಕ್ಕಪ್ಪ.

ಮೊದಲು ಅಳಿಯನನ್ನು, ಆಮೇಲೆ ಇನ್‌ಸ್ಪೆಕ್ಟರನ್ನು ಎಳೆದು ತಂದು ಹಿಂದಿನ ಸೀಟಿಗೆ ಹಾಕಿದ. ಸೊಸೆಯ ಪಕ್ಕದಲ್ಲಿ ಅಜ್ಜಿ ಹಿಂದೆ ಸರಿದು ಹೊರಗೆ ಹೋಗುವಷ್ಟು ಜಾಗವಿತ್ತು, ಶಟರ್ ಪೂರ್ತಿ ಎತ್ತಿದ. ಸೆಲ್ಫ್ ಗುಂಡಿ ತುಳಿದ. ವಾರದಿಂದ ನಿಂತೇ ಇದ್ದ ಅಜ್ಜಿಯ ಬ್ಯಾಟರಿ ಇಳಿದಿತ್ತು, ಕೆಮ್ಮಿನಂಥ ಒಂದು ಸದ್ದು ಬಂದು ಸತ್ತಿತು.

"ಹ್ಯಾಂಡಲ್ಲೇ ಗತಿ. ಬಾ ಪುಟ್ಟಿ, ಸೀಟಲ್ಲಿ ಕೂತ್ಕೋ. ಗಾಡಿ ಏಳೋವರೆಗೆ ಅಷ್ಟೇ."

ಅವನೇ ಅವಳನ್ನು ಎತ್ತಿ ಕೂರಿಸಿದ, ಮುರಿದ ಹೆಗಲಿಗೆ ತಾಕದ ಹಾಗೆ, ಚಿಕ್ಕಂದಿನಲ್ಲಿ ಎತ್ತುತ್ತಿದ್ದ ಹಾಗೇ. ಅವಳ ಮೇಲಿಂದ ಬಗ್ಗಿ ಏನೇನೋ ಸರಿಪಡಿಸಿದ. ಅವನ ಅಂಗಿಯಲ್ಲಿ ಲಾಕಪ್ಪಿನ ಮುಗ್ಗುಲು ವಾಸನೆಯ ಒಳಗೆ ಹಳೆಯ ಪೆಟ್ರೋಲಿನ ವಾಸನೆ ಇನ್ನೂ ಇತ್ತು. ನೋವಿಗೆ ಅವಳು ಕಣ್ಣು ಮುಚ್ಚಿದಳು.

"ನೀನು ಏನೂ ಮುಟ್ಬೇಡ," ಎಂದ. "ಕಾಲೂ ಮೇಲಿಟ್ಕೋ."

ಹೆಜ್ಜೆ ಸದ್ದು ಮುಂದೆ ಹೋಯಿತು. ಕಬ್ಬಿಣ ಕಬ್ಬಿಣಕ್ಕೆ ತಾಕಿ ಹ್ಯಾಂಡಲ್ ತೂತಿನೊಳಗೆ ಕೂತ ಸದ್ದು. ಅವಳು ಕಣ್ಣು ತೆರೆದಳು.

ಗಾಜಿನ ಆಚೆ, ಕಾರಿಗೂ ಗೋಡೆಗೂ ನಡುವೆ, ಒಡೆದ ಇಟ್ಟಿಗೆಯ ಮುಂದೆ ಚಿಕ್ಕಪ್ಪ ಬಗ್ಗಿ ನಿಂತಿದ್ದ. ಬಲಗೈ ಹ್ಯಾಂಡಲ್ ಮೇಲಿತ್ತು. ಐದೂ ಬೆರಳು ಮಡಚಿದ್ದವು. ಹೆಬ್ಬೆರಳು ಸುತ್ತ ಬಿಗಿದಿತ್ತು.

ಅವಳು ಮತ್ತೊಮ್ಮೆ ನೋಡಿದಳು.

ಮಡ್‌ಗಾರ್ಡಿನ ಮೇಲೆ ಕೂತು ನೋಡಿದ ಆ ಬೆಳಿಗ್ಗೆಗಳೆಲ್ಲ ಒಮ್ಮೆಲೇ ನೆನಪಾದವು. ಯಾವತ್ತೂ ಮುಂದೆ ಬಗ್ಗಿದ್ದವರು ಯಜಮಾನರು. ಯಾವತ್ತೂ ಸೀಟಿನಲ್ಲಿ ಕೂತು ಲಿವರ್ ಆಡಿಸುತ್ತಿದ್ದವನು ಚಿಕ್ಕಪ್ಪ. ಲಿವರ್ ಬಲ್ಲವನು, ಹ್ಯಾಂಡಲ್ ಅರಿಯದವನು. ಅವರು ಇಬ್ಬರಲ್ಲ, ಒಬ್ಬನೇ. ಸೊಸೆ ಹೇಳಿದ್ದು ಚಾಡಿಯಲ್ಲ, ನಿಜ.

"ಚಿಕ್ಕಪ್ಪ," ಎಂದಳು. "ನಿನ್ನ ಹೆಬ್ಬೆರಳು."

ಅವನು ಬಗ್ಗಿಕೊಂಡೇ ತನ್ನ ಕೈ ನೋಡಿದ. ಅದು ಬೇರೆ ಯಾರದೋ ಕೈ ಎಂಬ ಹಾಗೆ ತುಸು ಹೊತ್ತು ನೋಡಿದ. ತಲೆ ಎತ್ತಿದಾಗ ಊದಿದ ಕಣ್ಣಿನ ಪಕ್ಕದ ಒಳ್ಳೆಯ ಕಣ್ಣು ತುಂಬಿತ್ತು.

"ನೀನು ಅದನ್ನ ಹೇಳ್ತಿದ್ದಾಗಲೇ ನನಗೂ ಗೊತ್ತಾದದ್ದು, ಪುಟ್ಟಿ. ಮೂವತ್ತು ವರ್ಷ ಒಂದು ದಿನಾನೂ ಅವರು ನನ್ನ ಕೈಗೆ ಹ್ಯಾಂಡಲ್ ಕೊಡಲಿಲ್ಲ. ಇಂಥವರ ಕೈಗೆ ಕೊಡೋದಲ್ಲ ಅಂತಿದ್ರು. ಆವತ್ತು ನಾನೇ ಅವರ ಕೈಗೆ ಕೊಟ್ಟೆ."

"ಯಾಕೆ?"

"ಅಜ್ಜಿ ಹೊಟ್ಟೆ ಬಗೆದು ಎಂಜಿನ್ ಕೀಳ್ತಿದ್ರಲ್ಲ."

ಹಿಂದಿನ ಸೀಟಿನಲ್ಲಿ ಇನ್‌ಸ್ಪೆಕ್ಟರ್ ನರಳಿದರು. "ಏನಮ್ಮಾ ತಡ? ಹೊಡಿ ಅನ್ನಿ!"

ಅವಳು ಸ್ಟಿಯರಿಂಗಿನ ಕಡೆ ನೋಡಿದಳು. ಸ್ಪಾರ್ಕಿನ ಲಿವರ್ ಪೂರ್ತಿ ಕೆಳಗಿತ್ತು. ಗೇರಿನ ಕೋಲು ನೋಡಿದಳು. ಗೇರು ಬಿದ್ದಿತ್ತು, ಮುಂದಕ್ಕೆ. ಅವಳು ಎರಡನ್ನೂ ಮುಟ್ಟಿರಲಿಲ್ಲ. ತನ್ನ ಮೇಲಿಂದ ಬಗ್ಗಿದಾಗ ಚಿಕ್ಕಪ್ಪ ಸರಿಪಡಿಸಿದ್ದು ಏನನ್ನು ಎಂದು ಆಗ ತಿಳಿಯಿತು.

"ಬೇಡ!" ಎಂದು ಕಿರುಚಿದಳು.

"ಕಾಲು ಮೇಲಿಟ್ಕೋ ಅಂದೆನಲ್ಲ," ಎಂದ ಅವನು, ಹೋಮ್‌ವರ್ಕ್ ಮಾಡದಿದ್ದಾಗ ಗದರುತ್ತಿದ್ದ ಅದೇ ದನಿಯಲ್ಲಿ. ಮೈಯ ಭಾರವನ್ನೆಲ್ಲ ಹ್ಯಾಂಡಲಿನ ಮೇಲೆ ಹಾಕಿದ.

ಅವಳ ಕಾಲು ಕ್ಲಚ್ಚಿನ ಮೇಲೆ ಹೋಗಿ ಕೂತಿತು. ಒತ್ತಿದರೆ ಅಜ್ಜಿ ನಿಂತಲ್ಲೇ ನಿಲ್ಲುತ್ತಾಳೆ, ಚಿಕ್ಕಪ್ಪ ಬದುಕುತ್ತಾನೆ, ಬದುಕಿ ಇವಳದೇ ಸಾಕ್ಷಿಯ ಮೇಲೆ ನೇಣಿಗೆ ಹೋಗುತ್ತಾನೆ. ಒತ್ತದಿದ್ದರೆ ಅವನು ಕೇಳಿಕೊಂಡ ಸಾವು ಅವನಿಗೆ ಸಿಗುತ್ತದೆ, ಕೊಟ್ಟವಳು ಇವಳಾಗುತ್ತಾಳೆ.

ಹ್ಯಾಂಡಲ್ ತಿರುಗಿತು. ಅಜ್ಜಿ ಒಮ್ಮೆ ಹಿಂದಕ್ಕೆ ಒದ್ದಳು, ಮುರಿದ ಬೆರಳಿನ ಸದ್ದು ಗಾಜಿನ ಈಚೆಗೂ ಕೇಳಿತು, ಆಮೇಲೆ ಶೆಡ್ಡೆಲ್ಲ ನಡುಗುವಂತೆ ಎಂಜಿನ್ ಎದ್ದಿತು.